ಪುಕ್ಕಟೆ ಪುಟ

ಪುಟದಲ್ಲಿ ಏನೂ ಇರಲಿಲ್ಲ. ಅನುಮಾನಕ್ಕೆ ಅದೇ ಮೊದಲ ಕಾರಣ.

ಸುಣ್ಣ ಬಳಿದ ಗೋಡೆಯಂಥ ಪುಟ. ನಡುವೆ ಒಂದು ಉದ್ದನೆಯ ಖಾನೆ, ಪಕ್ಕದಲ್ಲಿ ಒಂದು ಗುಂಡಿ. ಖಾನೆಯಲ್ಲಿ ವಿಡಿಯೊದ ಕೊಂಡಿ ಅಂಟಿಸಿ ಗುಂಡಿ ಒತ್ತಿದರೆ ವಿಡಿಯೊ ಕಂಪ್ಯೂಟರಿಗೆ ಇಳಿಯುತ್ತದೆ, ಅಷ್ಟೇ. ಬೀಗದ ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ ನೋಡಿದ, ಮೂಗಿಗಿಳಿಸಿ ನೋಡಿದ. ಮಿನುಗುವ ಜಾಹೀರಾತಿಲ್ಲ, ಬಹುಮಾನ ಬಂದಿದೆಯೆಂಬ ಅಭಿನಂದನೆಯಿಲ್ಲ. ಹೆಸರು ಕೇಳಲಿಲ್ಲ, ಫೋನ್ ನಂಬರೂ ಕೇಳಲಿಲ್ಲ.

"ಯಾರದಿದು?" ಎಂದ.

"ಯಾರೋ ನಾಲ್ಕು ಜನ ಸೇರ್ಕೊಂಡು ಮಾಡಿದಾರಪ್ಪ. ಎಲ್ಲರಿಗೂ ಪುಕ್ಕಟೆ," ಎಂದಳು ಮಗಳು.

"ಆದ್ರೂ..."

ಬೀದಿಯಲ್ಲಿ ಅವನಿಗೆ ಬಿದ್ದಿದ್ದ ಹೆಸರೇ ಅದು, ಆದ್ರೂ. ಮೂವತ್ತು ವರ್ಷ ಬೀಗದ ಕೆಲಸ ಮಾಡಿದ ಮೇಲೆ ಲೋಕವೆಲ್ಲ ಅವನಿಗೆ ಕೀಲಿಕಂಡಿಯಂತೆ, ಒಂದು ಕಣ್ಣು ಮುಚ್ಚಿಕೊಂಡು ನೋಡಬೇಕಾದ ವಸ್ತುವಾಗಿತ್ತು. ಯಾರು ಏನೇ ಹೇಳಲಿ, ಮೊದಲು ತಲೆಯಾಡಿಸುವನು, ಆಮೇಲೆ ಎರಡು ಬೆರಳಿನಿಂದ ಗಲ್ಲ ತಿಕ್ಕಿ ಆ ಎರಡಕ್ಷರವನ್ನು ಮೂರು ಮೊಳ ಎಳೆಯುವನು. ಮಗಳ ಮದುವೆಯಲ್ಲಿ ಬೀಗರನ್ನೂ ಬೀಗದಂತೆಯೇ ತಿರುಗಿಸಿ ಮುರುಗಿಸಿ ನೋಡಿದವನು ಅವನು. ಅವರು ಇನ್ನೂ ಪೂರ್ತಿ ತೆರೆದುಕೊಂಡಿಲ್ಲ ಎಂಬುದು ಅವನ ದೂರು.

ಶುಕ್ರವಾರ ಬೆಳಿಗ್ಗೆ ಮಗಳು ಓಡಿಬಂದಿದ್ದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ತೀರಿಹೋದ ಅಮ್ಮ, ಮನೆಪಾಠದ ಒಂದು ಸಣ್ಣ ವೆಬ್‌ಸೈಟಿನಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಒಟ್ಟು ನಲವತ್ತೊಂದು ಪಾಠ. ಫೋಟೊ ಎಂದರೆ ಮುಖ ತಿರುಗಿಸುವ ಹೆಂಗಸು, ಅದಕ್ಕೇ ಪಾಠಗಳಲ್ಲಿ ಕಾಣುವುದು ಬಟ್ಟೆ, ಕತ್ತರಿ ಮತ್ತು ಎರಡು ಕೈ ಮಾತ್ರ. ಆದರೆ ದನಿ ಇತ್ತು. ಅವಳ ದನಿ ಉಳಿದಿದ್ದುದು ಅಲ್ಲೊಂದೇ ಕಡೆ. ಗಂಡ ಈ ಎರಡು ವರ್ಷದಲ್ಲಿ ಒಂದನ್ನೂ ತೆರೆದು ನೋಡಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಈಗ ಆ ವೆಬ್‌ಸೈಟು ಶನಿವಾರ ಸಂಜೆ ಆರಕ್ಕೆ ಮುಚ್ಚುತ್ತೇವೆ, ಎಲ್ಲ ವಿಡಿಯೊಗಳೂ ಅಳಿಯುತ್ತವೆ ಎಂದು ಪ್ರಕಟಿಸಿತ್ತು. ಇಳಿಸಿಕೊಳ್ಳಲು ಅದರಲ್ಲಿ ಯಾವ ಸೌಕರ್ಯವೂ ಇರಲಿಲ್ಲ.

"ಅದಕ್ಕೇ ಈ ಪುಟ," ಎಂದಳು ಮಗಳು, ಆಮೇಲೆ ರೈಲ್ವೆ ಪ್ರಕಟಣೆಯವಳ ಧಾಟಿಯಲ್ಲಿ ಓದಿದಳು. "ಪ್ರಿಯ ಬಳಕೆದಾರರೇ, ಇಲ್ಲಿ ಜಾಹೀರಾತು ಇರುವುದಿಲ್ಲ, ಖಾತೆ ಬೇಕಾಗುವುದಿಲ್ಲ, ನೀವು ಏನನ್ನು ಇಳಿಸಿಕೊಂಡಿರಿ ಎಂದು ನಾವು ಬರೆದಿಟ್ಟುಕೊಳ್ಳುವುದಿಲ್ಲ."

"ಬರೆದಿಟ್ಟುಕೊಳ್ಳಲ್ಲ ಅಂತ ಬರೆದಿಟ್ಟಿದಾರಲ್ಲ. ಯಾಕೆ? ನಾನು ಕೇಳಿದ್ನಾ?"

"ಅಪ್ಪ, ಇದರ ಒಳಗಿನ ಬರಹ, ಅಂದ್ರೆ ಕೋಡು, ಪೂರ್ತಿ ಬಿಚ್ಚಿಟ್ಟಿದಾರೆ. ಬೇಕಾದವರು ಓದಿ ನೋಡಬಹುದು."

"ಬೀಗದ ಹೊಟ್ಟೆ ಬಗೆದು ಊರಿಗೆಲ್ಲ ತೋರಿಸಿದ್ರೆ ಅದು ಬೀಗ ಹೇಗಾಗುತ್ತೆ?"

"ನೀನೇ ಹೇಳ್ತಿದ್ದೆಯಲ್ಲ, ಒಳಗೇನಿದೆ ಅಂತ ಗೊತ್ತಿದ್ರೂ ಕೀಲಿ ಇಲ್ದೆ ತೆಗೆಯೋಕಾಗಬಾರದು, ಅದೇ ಒಳ್ಳೆ ಬೀಗ ಅಂತ."

ತನ್ನ ಮಾತು ತನಗೇ ತಿರುಗಿದ್ದು ಅವನಿಗೆ ಹಿಡಿಸಲಿಲ್ಲ. "ಕೊಂಡಿ ಅಂತೆ ಕೊಂಡಿ. ಚೇಳಿಗೂ ಇರುತ್ತೆ," ಎಂದು ಗೊಣಗಿದ. "ನಿಮ್ಮಮ್ಮನ್ನ ಇದರೊಳಗೆ ಹಾಕೋದಕ್ಕೆ ಮುಂಚೆ ನಾನು ಪರೀಕ್ಷೆ ಮಾಡ್ಬೇಕು. ಅಲ್ಲೀತನಕ ನೀನು ಮುಟ್ಟಬೇಡ."

ಪರೀಕ್ಷೆ ಶುಕ್ರವಾರವನ್ನು ತಿಂದಿತು. ಕ್ಯಾಮೆರಾದ ಕಣ್ಣಿಗೆ ಅಂಟುಪಟ್ಟಿ ಹಚ್ಚಿದ. ಬೇರೊಬ್ಬ ಬೀಗದವನ ವಿಡಿಯೊ ಇಳಿಸಿ, ಯಾರಾದರೂ ಫೋನ್ ಮಾಡಿ ಬೀಗ ಬೇಕೇ ಎಂದು ಕೇಳುತ್ತಾರೋ ಎಂದು ಸಂಜೆಯವರೆಗೆ ಕಾದ. ಒಬ್ಬರೂ ಮಾಡಲಿಲ್ಲ. ಅದೂ ಸ್ವಲ್ಪ ಹೆಚ್ಚೇ ಸಭ್ಯತೆ ಎನಿಸಿತು.

ಶನಿವಾರ ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಲ್ಲಿ ಫೋನುಗಳನ್ನು ಮಾಲೀಕ ಡ್ರಾಯರಿನಲ್ಲಿಟ್ಟುಕೊಳ್ಳುತ್ತಾನೆ. ಹೊರಡುವ ಮುಂಚೆ ಅವಳು ನಲವತ್ತೊಂದು ಕೊಂಡಿಗಳ ಪಟ್ಟಿಯನ್ನು ಅಪ್ಪನ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟಳು.

"ಅಂಟಿಸು, ಒತ್ತು, ಮುಂದಿನದು. ನೋಡೋದು ಕೇಳೋದು ಎಲ್ಲ ಆಮೇಲೆ. ಎರಡು ಗಂಟೆ ಕೆಲಸ ಅಪ್ಪ, ಆಣೆ ಮಾಡಿ ಹೇಳು."

"ಆಣೆ ಯಾಕೆ, ಮಾಡ್ತೀನಿ ಅಂದ್ನಲ್ಲ."

ಮಾಡಿದ, ಆದರೆ ತನ್ನ ರೀತಿಯಲ್ಲಿ. ಅವನ ಅಂಗಡಿಯಿಂದ ಯಾವ ಬೀಗವೂ ಮೂರು ಸಲ ಹಾಕಿ ತೆಗೆಯದೆ ಹೊರಗೆ ಹೋದದ್ದಿಲ್ಲ. ಮೊದಲ ಸಲ ಕೀಲಿಗೆ, ಎರಡನೆಯದು ಕೈಗೆ, ಮೂರನೆಯದು ಕಿವಿಗೆ. ಅದೇ ನಿಯಮ ಪಾಠಗಳಿಗೂ ಬಂತು. ಒಂದನ್ನು ಇಳಿಸುವುದು, ಮೊದಲಿಂದ ಕೊನೆಯವರೆಗೆ ಮೂರು ಸಲ ಓಡಿಸುವುದು, ನಡುವೆ ಯಾರೂ ಏನೂ ತುರುಕಿಲ್ಲ ಎಂದು ಖಾತ್ರಿಯಾದ ಮೇಲೆ ಮುಂದಿನದು. ಮೊದಲ ಪಾಠದಲ್ಲಿ ಅವಳು "ನಮಸ್ಕಾರ, ಸೂಜಿಗೆ ದಾರ ಪೋಣಿಸಿಕೊಳ್ಳಿ" ಎಂದಳು. ಆ ಪಾಠ ನಾಲ್ಕು ಸಲ ಓಡಿತು. ನಾಲ್ಕನೆಯದು ಪರೀಕ್ಷೆಗಲ್ಲ.

ಹನ್ನೆರಡೂವರೆಗೆ ಒಂಬತ್ತು ಮುಗಿದಿದ್ದವು. ಹತ್ತನೆಯದು ಕಾಲರ್ ಪಾಠ. ಕೈಗಳು ಬಟ್ಟೆ ಮಡಿಸಿದವು, ಗುಂಡಿಗಳ ಡಬ್ಬಿ ಮುಚ್ಚಳ ತೆಗೆದವು. ಆಮೇಲೆ ಪಾಠದೊಳಗಿಂದ ಅವನದೇ ದನಿ ಮಾತಾಡಿತು.

"ಆದ್ರೂ... ಯಾರದಿದು? ಪುಕ್ಕಟೆನಾ? ಯಾಕೆ, ನಾನು ಕೇಳಿದ್ನಾ?"

ಅವನು ಕುರ್ಚಿ ಹಿಂದಕ್ಕೆ ಸರಿಸಿದ. ಅದೇ ಎಳೆತ, ಅದೇ ಮೂಗಿನ ಕೊಂಕು. ಮಗಳ ಮುಂದೆ ನಿನ್ನೆ, ಇದೇ ಕುರ್ಚಿಯಲ್ಲಿ ಕೂತು ಆಡಿದ ಮಾತು. ಕ್ಯಾಮೆರಾಗೆ ಪಟ್ಟಿ ಹಚ್ಚಿದ್ದ, ಮೈಕು ಮರೆತಿದ್ದ. ಪುಟ ಕದ್ದು ಕೇಳಿಸಿಕೊಂಡಿದೆ, ಕೇಳಿಸಿಕೊಂಡಿದ್ದನ್ನು ಹೆಂಡತಿಯ ಪಾಠದೊಳಗೆ ಸೇರಿಸಿದೆ. ಅಂದರೆ ಇಳಿದ ಉಳಿದವುಗಳಲ್ಲೂ ಏನಿದೆಯೋ.

ಇಂಟರ್ನೆಟ್ಟಿನ ವೈರು ಕಿತ್ತ. ಲ್ಯಾಪ್‌ಟಾಪ್ ಮಡಚಿ, ಬಟ್ಟೆ ಸುತ್ತಿ, ಮಾದರಿಗೆಂದು ಇಟ್ಟಿದ್ದ ಕಬ್ಬಿಣದ ತಿಜೋರಿಯೊಳಗಿಟ್ಟು ಬೀಗ ಹಾಕಿದ. ಅದನ್ನೂ ಮೂರು ಸಲ ಹಾಕಿ ತೆಗೆದು ನೋಡಿದ. ಮಗಳಿಗೆ ಫೋನ್ ಮಾಡಿದ, ಅದು ಡ್ರಾಯರಿನಲ್ಲಿ ಬಡಿದುಕೊಂಡು ಸುಮ್ಮನಾಯಿತು. ಸರಿ, ಸಂಜೆ ಬರಲಿ ಎಂದು ತಿಜೋರಿಗೆ ಬೆನ್ನು ಕೊಟ್ಟು ಕಾವಲು ಕೂತ.

ನಾಲ್ಕೂವರೆಗೆ ಮಹಡಿಯ ಮೇಲಿರುವ ತಂಗಿ ಚಹಾ ಹಿಡಿದು ಬಂದಳು. ಅತ್ತಿಗೆಯ ಮೊದಲ ಶಿಷ್ಯೆ ಅವಳೇ.

"ಎಲ್ಲಾ ಇಳಿಸಿ ಆಯ್ತಾ ಅಣ್ಣಾ?"

ಅವನು ಬಾಯಿಗೆ ಬೆರಳಿಟ್ಟು ತಿಜೋರಿ ತೋರಿಸಿದ. ಆಮೇಲೆ ಪಿಸುದನಿಯಲ್ಲಿ ನಡೆದಿದ್ದನ್ನು ಹೇಳಿದ.

"ನಿನ್ನ ದನಿ ಏನಂತು ಅದರಲ್ಲಿ?"

ಹೇಳಿದ. ತಂಗಿ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ನಗು ಮೊದಲು ಅವಳ ಭುಜಕ್ಕೆ ಬಂತು, ಆಮೇಲೆ ಬಾಯಿಗೆ.

"ಅಯ್ಯೋ ಅಣ್ಣಾ, ಅದು ಅತ್ತಿಗೆ."

"ಯಾವ ಅತ್ತಿಗೆ?"

"ನನಗಿರೋದು ಎಷ್ಟು ಜನ ಅತ್ತಿಗೆಯರು? ನಿನ್ನ ಹೆಂಡ್ತಿ. ನಿನ್ನ ಥರಾನೇ ಮಾಡ್ತಿದ್ಲು. ಕಾಲರ್ ಪಾಠದಲ್ಲಿ ಅವಳ ತಮ್ಮ ಕೊಟ್ಟಿದ್ದ ಗುಂಡಿ ಡಬ್ಬಿ ತೆಗೀತಾಳೆ ನೋಡು, ಅದು ಬಂದ ದಿನ ನೀನು ಕೇಳಿದ್ದನ್ನೇ ಹಾಗ್‌ಹಾಗೇ ಹೇಳಿ ತೋರಿಸಿದಾಳೆ."

"ಅವಳು ಹಾಗೆಲ್ಲ ಮಾಡೋಳಲ್ಲ."

"ನಿನ್ನೆದುರಿಗೆ ಮಾಡೋಳಲ್ಲ. ಒಂದ್ಸಲ ಬಾಗಿಲ ಹಿಂದೆ ನಿಂತು ನಿನ್ನ ದನಿಯಲ್ಲಿ ಗದರಿಸಿ ಎಣ್ಣೆ ಮಾರೋನನ್ನ ಓಡಿಸಿದ್ಲು. ಪಾಪ, ಅವನು ಇವತ್ತಿಗೂ ನಿನ್ನ ಕಂಡ್ರೆ ಆ ಕಡೆ ರಸ್ತೆಗೆ ಹೋಗ್ತಾನೆ."

ಅನುಮಾನ ಪುಟವನ್ನು ಬಿಟ್ಟು ಮನೆಯೊಳಗೆ ಬಂತು. "ಯಾರ್‍ಯಾರಿಗೆ ಗೊತ್ತಿತ್ತು?"

"ನಿನ್ನ ಮಗಳಿಗೆ ಗೊತ್ತು. ಇಸ್ತ್ರಿ ಅಂಗಡಿಯವಳಿಗೆ ಗೊತ್ತು. ಪಾಠ ನೋಡಿದೋರಿಗೆಲ್ಲ ಗೊತ್ತು. ಗೊತ್ತಿಲ್ಲದೋನು ನೀನೊಬ್ಬ."

"ನೀವೆಲ್ಲ ಸೇರ್ಕೊಂಡು ಈಗ ಕಟ್ತಿದೀರೋ ಏನೋ, ಕತೆ."

ತಿಜೋರಿ ತೆಗೆದ. ಹತ್ತನೆಯ ಪಾಠವನ್ನು ಮತ್ತೆ ಹಾಕಿ, ಬೀಗದ ಒಳಸದ್ದು ಕೇಳುವಾಗ ಮಾಡುವಂತೆ ಕಣ್ಣು ಮುಚ್ಚಿ ಕಿವಿಯನ್ನು ಹತ್ತಿರ ತಂದ. ಅವನ ದನಿ ಮಾತಾಡಿತು. 'ಪುಕ್ಕಟೆನಾ' ಆದ ಮೇಲೆ, 'ಯಾಕೆ'ಗೆ ಮುಂಚೆ, ಒಂದು ಚೂರು ಉಸಿರು ಒಳಗೆ ಹೋಯಿತು. ನಗು ಬಂದಾಗ ಅದನ್ನು ನುಂಗಲು ಅವಳು ಎಳೆದುಕೊಳ್ಳುತ್ತಿದ್ದ ಉಸಿರು. ಅಡುಗೆಮನೆಯಲ್ಲಿ ಅವಳು ಬೆನ್ನು ಹಾಕಿ ನಿಂತಾಗ ಎಷ್ಟೋ ಸಲ ಕೇಳಿದ್ದ, ನೆಗಡಿ ಎಂದುಕೊಂಡಿದ್ದ. ಅದನ್ನು ಯಾವ ಪುಟವೂ ಕದ್ದು ತರಲಾರದು.

ಗೋಡೆ ಗಡಿಯಾರದಲ್ಲಿ ಐದಾಗಿತ್ತು.

"ಅಣ್ಣಾ, ಇನ್ನೂ ಎಷ್ಟಿದೆ?"

ಅವನು ವೈರು ಸಿಕ್ಕಿಸಿದ. ಅಂಟಿಸಿದ, ಒತ್ತಿದ. ಹನ್ನೊಂದು. ಹನ್ನೆರಡು. ತಂಗಿ ಪಟ್ಟಿ ಓದುತ್ತ ಹೋದಳು, ಅವನು ಅಂಟಿಸುತ್ತ ಹೋದ. ಪುಟ ಒಮ್ಮೆಯೂ ತಡವರಿಸಲಿಲ್ಲ, ಒಮ್ಮೆಯೂ ಏನನ್ನೂ ಕೇಳಲಿಲ್ಲ. ಐದೂವರೆಗೆ ಇಪ್ಪತ್ತಮೂರು. ಒಂದನ್ನೂ ತೆರೆದು ನೋಡದೆ ಮುಂದಕ್ಕೆ ಹೋಗುವುದು ಅವನ ಕೈಗಳಿಗೆ ಹೊಸದು. ಮೂವತ್ತೈದು ಇಳಿಯಿತು. ಮೂವತ್ತಾರನ್ನು ಅಂಟಿಸಿ ಒತ್ತಿದ.

'ಕ್ಷಮಿಸಿ, ಈ ಕೊಂಡಿಯಲ್ಲಿ ಈಗ ಏನೂ ಸಿಗುತ್ತಿಲ್ಲ,' ಎಂದಿತು ಪುಟ.

"ನೋಡಿದ್ಯಾ, ಕೊನೆಗೆ ಕೈಕೊಡ್ತು," ಎಂದ. ಹೇಳುವಾಗಲೇ ದನಿ ಸೋತಿತ್ತು. ಮನೆಪಾಠದ ವೆಬ್‌ಸೈಟನ್ನೇ ತೆರೆದು ನೋಡಿದ. ಇಷ್ಟು ವರ್ಷ ಜೊತೆಗಿದ್ದದ್ದಕ್ಕೆ ಧನ್ಯವಾದ ಎಂಬ ಒಂದು ಸಾಲು, ಬೇರೇನಿಲ್ಲ. ಗಡಿಯಾರ ನೋಡಿದ. ಆರು ಹೊಡೆದು ಎರಡು ನಿಮಿಷ.

ಮಗಳು ಏಳಕ್ಕೆ ಬಂದಾಗ ಅವನು ಸುತ್ತುಬಳಸಿ ಹೇಳಲಿಲ್ಲ. "ಆರು ಹೋದವು. ಕಂಪ್ಯೂಟರನ್ನ ನಾನೇ ನಾಲ್ಕು ಗಂಟೆ ತಿಜೋರಿಲಿಟ್ಟಿದ್ದೆ."

ಅವಳು ಪಟ್ಟಿಯ ಕೊನೆಯ ಆರು ಸಾಲುಗಳ ಮೇಲೆ ಬೆರಳಾಡಿಸಿದಳು. "ಕಿಸೆ, ಅಸ್ತರು, ಜಿಪ್ಪು..." ಎಂದು ಓದಿದಳು. ಬೈಯುತ್ತಾಳೆಂದು ಕಾದ. ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಅವುಗಳಲ್ಲೂ ನಾನಿದ್ನಾ?"

"ಕೊನೆಗಂತೂ ಬರೀ ನೀನೇ ಅಪ್ಪ. ಅವಳಿಗೆ ಹುಷಾರಿಲ್ದಾಗ ಮಾಡಿದ್ದು ಅವು. ನೀನು ಡಾಕ್ಟರನ್ನ ಪ್ರಶ್ನೆ ಕೇಳಿದ್ದು, ನರ್ಸಿನ ಕೈಲಿದ್ದ ಔಷಧಿ ಬಾಟ್ಲಿ ಇಸ್ಕೊಂಡು ಅಲ್ಲಾಡಿಸಿ ನೋಡಿದ್ದು."

ಭಾನುವಾರ ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಅವನೊಂದು ಚೀಟಿ ಅಂಟಿಸಿದ. 'ಹೊಲಿಗೆ ಪಾಠ 36ರಿಂದ 41. ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವುದಿಲ್ಲ.'

ಬೀದಿ ಓದಿತು, ತುಟಿ ಕಚ್ಚಿಕೊಂಡು ಮುಂದೆ ಹೋಯಿತು. ಅವನು ಪ್ರತಿ ಮುಖವನ್ನೂ ನೋಡುತ್ತಿದ್ದ: ಇವನಿಗೆ ಗೊತ್ತು, ಇವಳಿಗೆ ಗೊತ್ತು. ಹತ್ತು ಗಂಟೆಗೆ ಇಸ್ತ್ರಿ ಅಂಗಡಿಯವಳು ಒಳಗೆ ಬಂದಳು.

"ನನ್ನ ಹತ್ರ ವಿಡಿಯೊ ಇಲ್ಲಣ್ಣ."

"ಮತ್ತೆ ಬಂದಿದ್ಯಾಕೆ?" ಎಂದವನು ಚೀಟಿಯ ಕೊನೆಯ ಸಾಲು ನೆನಪಾಗಿ ಸುಮ್ಮನಾದ.

"ಜಿಪ್ಪಿನ ಪಾಠ ನೋಡ್ಕೊಂಡೇ ನಾನು ರಿಪೇರಿ ಕಲ್ತಿದ್ದು. ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಅತ್ತಿಗೆ ಅದರಲ್ಲಿ ಏನೇನು ಹೇಳ್ತಾರೋ ಅಷ್ಟೂ ಬಾಯಿಗೆ ಬರುತ್ತೆ. ನಿಮ್ಮದೂ ಬರುತ್ತೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವು ಬೇಜಾರು ಮಾಡ್ಕೋತೀರೇನೋ."

ಅವನು ಎದ್ದು ಹೋಗಿ ಬಾಗಿಲು ಮುಂದಕ್ಕೆ ತಳ್ಳಿದ, ಚಿಲಕ ಹಾಕಲಿಲ್ಲ. ಅವಳಿಗೆ ಸ್ಟೂಲು ಎಳೆದಿಟ್ಟು, ಎದುರಿನ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ.

"ಮಾಡಮ್ಮ," ಎಂದ. "ಅವಸರ ಮಾಡ್ಬೇಡ. ಅವಳು ಎಲ್ಲೆಲ್ಲಿ ನಿಲ್ಲಿಸ್ತಿದ್ಲೋ ಅಲ್ಲಲ್ಲೇ ನಿಲ್ಲಿಸಿ ಹೇಳು."