ಹೆಸರು ಹಾಕಿಟ್ಟ ಫೈಲುಗಳು

ನಾನೊಂದು ಕಂಪ್ಯೂಟರ್. ಬಿಡಿಭಾಗ ಜೋಡಿಸಿ ನನಗೆ ಜೀವ ಕೊಟ್ಟವರು ಮೊದಲು ಕಳಿಸಿದ್ದು ಹಾಸನದ ಒಬ್ಬ ಆಡಿಟರ್ ಕಚೇರಿಗೆ. ಅಲ್ಲಿನ ಗುಮಾಸ್ತೆ ಜಲಜಾಕ್ಷಮ್ಮ ಟೀ ಕುಡಿಯಲು ಎದ್ದರೂ ಪಾಸ್‌ವರ್ಡ್ ಹಾಕಿಯೇ ಹೋಗುತ್ತಿದ್ದರು. ಇದೇನಪ್ಪಾ ಇಷ್ಟೊಂದು ಅನುಮಾನ ಎಂದು ನನಗೆ ಸಿಟ್ಟು ಬರುತ್ತಿತ್ತು. ಆ ತಾಯಿಯ ಬೆಲೆ ಗೊತ್ತಾದದ್ದು ಅರಸೀಕೆರೆಗೆ ಬಂದ ಮೇಲೆ.

ಅಲ್ಲಿ ಬಸ್ ಸ್ಟ್ಯಾಂಡ್ ಎದುರು ಸೈಬರ್ ಸೆಂಟರ್ ಇಟ್ಟಿದ್ದ ಕಲ್ಲೇಶಪ್ಪ ನನ್ನನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ಮನುಷ್ಯ ಒಳ್ಳೆಯವನೇ. ಆದರೆ ಯಾರು ಆಧಾರ್, ಪಾಸ್‌ಬುಕ್, ಬಾಡಿಗೆ ಕರಾರು ತಂದರೂ ಸ್ಕ್ಯಾನ್ ಮಾಡಿ, ನನ್ನ ಮುಖದ ಮೇಲೆಯೇ ಅವರವರ ಹೆಸರು ಹಾಕಿ ಇಟ್ಟುಬಿಡುತ್ತಿದ್ದ. "ಅಳಿಸೋದ್ಯಾಕೆ? ಮುಂದಿನ್ ಸಲ ಹುಡ್ಕೋ ತಾಪತ್ರಯ ಇರಲ್ಲ" ಎನ್ನುತ್ತಿದ್ದ. ಜನವೂ ಅಷ್ಟೇ, ಕಂಡಕ್ಟರ್ ಊರು ಕೂಗುವ ಹಾಗೆ ಓಟಿಪಿ ಕೂಗಿ ಹೇಳುತ್ತಿದ್ದರು. ನನಗೆ ಬಾಯಿದ್ದಿದ್ದರೆ ಒಬ್ಬೊಬ್ಬರಿಗೂ ಮಂಗಳಾರತಿ ಎತ್ತುತ್ತಿದ್ದೆ.

ಒಂದು ಸೋಮವಾರ ಚಂದ್ರಕಲಾ ಬಂದಳು. ಹೊಡೆಯುವ ಗಂಡನನ್ನು ಬಿಟ್ಟು, ಯಾರಿಗೂ ಹೇಳದೆ ತಿಪಟೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಆಧಾರ್‌ನಲ್ಲಿ ವಿಳಾಸ ಬದಲಿಸಬೇಕಿತ್ತು.

"ಅಣ್ಣಾ, ಇದು ಯಾರಿಗೂ ಗೊತ್ತಾಗ್ಬಾರ್ದು."

"ನನ್ ಬಾಯಿಂದ ಬರಲ್ಲ ಬಿಡಮ್ಮ" ಎಂದ ಕಲ್ಲೇಶಪ್ಪ. ಅವಳು ಹೋದ ಮೇಲೆ ಅವಳ ಬಾಡಿಗೆ ಕರಾರಿನ ಫೈಲಿಗೆ ಹೆಸರಿಟ್ಟ: 'ಚಂದ್ರಕಲಾ ತಿಪಟೂರು ಮನೆ'.

ಅಯ್ಯೋ ಪುಣ್ಯಾತ್ಮ!

ಎಂಟು ದಿನ ಕಳೆದು ಒಬ್ಬ ಪಹಣಿ ತೆಗೆಸಲು ಬಂದ. ಅವನನ್ನು ನನ್ನೆದುರು ಕೂರಿಸಿ ಕಲ್ಲೇಶಪ್ಪ ಪೇಪರ್ ತರಲು ಪಕ್ಕದ ಅಂಗಡಿಗೆ ಹೋದ. ಹೆಸರುಗಳ ಮೇಲೆ ಓಡುತ್ತಿದ್ದ ಅವನ ಕಣ್ಣು ಒಂದು ಕಡೆ ನಿಂತಿತು. "ಸಿಕ್ಕಿಬಿದ್ಲು ನನ್ ಹೆಂಡ್ತಿ" ಎಂದು ಗೊಣಗಿ ಫೈಲು ಒತ್ತಿದ. ದಿನಕ್ಕೆ ಹತ್ತು ಸಲ ಹ್ಯಾಂಗ್ ಆಗಿ ಬೈಸಿಕೊಳ್ಳುವ ನಾನು, ಅವತ್ತು ಹ್ಯಾಂಗ್ ಆಗಲು ಎಷ್ಟು ಒದ್ದಾಡಿದೆ! ಆಗಲಿಲ್ಲ. ದರಿದ್ರದ್ದು, ಫೈಲು ತಟ್ಟನೆ ತೆರೆದುಕೊಂಡಿತು. ಅವನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ.

ಮುಂದಿನ ವಾರ ಚಂದ್ರಕಲಾ ಮತ್ತೆ ಬಂದಳು. ಬಲಗೈಗೆ ಪಟ್ಟಿ ಕಟ್ಟಿತ್ತು.

"ಅವ್ನಿಗೆ ಅಡ್ರೆಸ್ ಹೇಳಿದ್ದು ನೀವಾ ಅಣ್ಣಾ?"

"ದೇವ್ರಾಣೆ ಇಲ್ಲಮ್ಮ! ನಾನ್ಯಾಕೆ ಹೇಳ್ಲಿ?"

ನನ್ನ ಮುಖದ ಮೇಲೆ ತನ್ನ ಹೆಸರು ಕಂಡು ಅವಳು ಅದರ ಕಡೆ ಕೈ ತೋರಿಸಿದಳು. ಫೈಲಿನ ಹೆಸರು ಓದಿದ ಕಲ್ಲೇಶಪ್ಪ ಬೆವೆತುಹೋದ. ಅವಳು ಎಡಗೈಯಲ್ಲೇ ಮೌಸ್ ಹಿಡಿದು ತನ್ನದನ್ನು ಅಳಿಸಿದಳು. ನನ್ನೊಳಗಿನ ಕಸದ ಬುಟ್ಟಿಯಿಂದಲೂ ಅಳಿಸಿದಳು.

"ಉಳಿದವ್ರದ್ದು?"

"ಅಳಿಸ್ತೀನಮ್ಮ. ಇವತ್ತೇ."

ಅಳಿಸಲಿಲ್ಲ. ಗಿರಾಕಿಗಳು ಬಂದರು, ಮರೆತ. ನನಗಂತೂ ಸಾಕುಸಾಕಾಯಿತು.

ಈಗ ನಾನು ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ತೂಕ ಹಾಕುವಾಗ ಗುಜರಿಯವನು, "ಒಳ್ಗೇನಾದ್ರೂ ಇದ್ಯಾ ಸ್ವಾಮಿ?" ಎಂದು ಕೇಳಿದ್ದ. "ಏನಿಲ್ಲ, ಬರೀ ಧೂಳು" ಎಂದಿದ್ದ ಕಲ್ಲೇಶಪ್ಪ.

ನಿನ್ನೆ ಯಾರೋ ಬಂದು ನನಗೆ ಕರೆಂಟು ಕೊಟ್ಟು ನೋಡಿದ. ಹ್ಯಾಂಗ್ ಆಗಲು ಮತ್ತೆ ಒದ್ದಾಡಿದೆ. ಹೆಸರುಗಳು ಸಾಲಾಗಿ ಮೂಡಿದವು. ಅವನು ಸ್ಟೂಲು ಹತ್ತಿರ ಎಳೆದುಕೊಂಡು ಒಂದೊಂದಾಗಿ ಓದತೊಡಗಿದ. ಚಂದ್ರಕಲಾಳ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ.