ಸಮಿತಿಯ ಮುಂದೆ ಅಪ್ಪನ ಮಾತು

ಕೊಟ್ಟೂರಿನ ಎಣ್ಣೆಮಿಲ್ಲಿನ ಮರುಳಪ್ಪನನ್ನು ಹೊಸ ತೆರಿಗೆ ಮಸೂದೆಯ ಬಗ್ಗೆ ಮಾತಾಡಲು ಸಂಸದೀಯ ಸಮಿತಿ ದೆಹಲಿಗೆ ಕರೆದಿತ್ತು. ಸಣ್ಣ ಮಿಲ್ಲಿನವರ ಪರವಾಗಿ ಹೋಗುವವನು ಅವನೊಬ್ಬನೇ. ಮಗಳು ಅರ್ಚನಾಳನ್ನೇ ಸಮಿತಿಯೆಂದು ಎದುರಿಗೆ ಕೂರಿಸಿಕೊಂಡು ದಿನಾ ಮಾತು ರೂಢಿಸಿಕೊಂಡ. ಮಸೂದೆ ಬಲು ತೊಡಕಿನದಾಗಿತ್ತು, ಸಭೆಯ ತಾರೀಖು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಗಂಟಲಿನ ಕ್ಯಾನ್ಸರಿಗೆ ಆಪರೇಷನ್ನಾಗಿ ಅವನ ದನಿಯೇ ಹೋಯಿತು.

ಕೊನೆಗೂ ಸಭೆ ಸೇರಿದಾಗ ಅಪ್ಪನ ಪಕ್ಕದಲ್ಲಿ ಕೂತು ಅರ್ಚನಾ ಮಾತಾಡಿದಳು. ಕೇಳಿ ಕೇಳಿ ಬಾಯಿಪಾಠವಾಗಿದ್ದ ಅವನ ಮಾತುಗಳೇ ಒಂದೊಂದಾಗಿ ಬಂದವು. ಅಧ್ಯಕ್ಷರು ಮೆಚ್ಚಿ ತಲೆದೂಗಿದರು.

ಹೊರಗೆ ಬಂದು, "ಏನಾರ ಬಿಟ್ಟೆನೇನಪ್ಪಾ?" ಎಂದು ಕೇಳಿದಳು.

ಮರುಳಪ್ಪ ಇಲ್ಲವೆಂದು ತಲೆಯಲ್ಲಾಡಿಸಿ, ಮತ್ತೇನೋ ಹೇಳಲು ಬಾಯಿ ತೆರೆದ. ದನಿ ಬರಲಿಲ್ಲ.

"ಗೊತ್ತಾತು ಬಿಡಪ್ಪಾ," ಎಂದು ಅರ್ಚನಾ ಅವನ ಕೈ ಹಿಡಿದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ.