ಆರು ನಲ್ಲಿಯ ತೊಟ್ಟಿ

"ಇದೂ ಸರಿ ಇಲ್ಲ ಸಾಬ್ರೆ. ಬ್ಯಾರೆ ತೆಗೀರಿ," ಎಂದು ರಾಮಚಂದ್ರಪ್ಪ ತೂತು ಕೊರೆಯುವ ನಾಲ್ಕನೇ ಬಿಟ್ ಅನ್ನೂ ಡ್ರಿಲ್ಲಿನಿಂದ ಬಿಚ್ಚಿ ಕೌಂಟರಿನ ಮೇಲಿಟ್ಟ. ಪರೀಕ್ಷೆಗೆಂದು ಅಂಗಡಿಯವರು ಕೊಟ್ಟ ಸ್ಟೀಲ್ ಹಾಳೆಯ ತುಂಡಿನಲ್ಲಿ ತೂತು ಒಂದೂ ಬಿದ್ದಿರಲಿಲ್ಲ. ಜಾರಿ ಗೀರಿದ ನಾಲ್ಕು ಗೆರೆಗಳಿದ್ದವು, ಅಷ್ಟೆ.

ದಾವಣಗೆರೆಯ ಈ ಹಾರ್ಡ್‌ವೇರ್ ಅಂಗಡಿಯ ಮಸ್ತಾನಸಾಬರದು ಮೂವತ್ತು ವರ್ಷದ ಪರಿಚಯ. ಬೇರೆ ಗಿರಾಕಿಯಾಗಿದ್ದರೆ ಬೈದೇ ಬಿಡುತ್ತಿದ್ದರು. ಇವನಿಗೆಂದು ಇನ್ನೊಂದು ಡಬ್ಬಿ ಹುಡುಕಲು ಒಳಗೆ ಹೋದರು.

ಸ್ಟೂಲಿನ ಮೇಲೆ ಕೂತ ಸರೋಜಾ ಗಂಡನ ಬಲಗೈಯನ್ನೇ ನೋಡುತ್ತಿದ್ದಳು. ಆರು ತಿಂಗಳಿಂದ ಅದು ನಡುಗುತ್ತಿತ್ತು. ಪುಣ್ಯಾತ್ಮ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಚಹಾ ಮಾತ್ರ ಅರ್ಧ ಲೋಟ ಕೊಡತೊಡಗಿದ್ದಳು. ಇವತ್ತು ಬೈಕು ಬಿಟ್ಟು ಬಸ್ಸು ಹತ್ತಿದ್ದಕ್ಕೂ ಬಿಸಿಲಿನ ನೆಪ ಹೇಳಿದ್ದ. ಡ್ರಿಲ್ಲಿನ ಚೀಲವನ್ನು ಮುಟ್ಟಲು ಅವಳಿಗೂ ಬಿಡದೆ ಕಾಲಸಂದಿಯಲ್ಲಿ ಇಟ್ಟುಕೊಂಡೇ ಬಂದಿದ್ದ.

ಹರಿಹರದ ಪಕ್ಕದ ಗುತ್ತೂರಿನ ಅವನ ಸ್ಟೀಲ್ ಕೆಲಸದ ಶೆಡ್ಡಿನಲ್ಲಿ ಹಾಸ್ಟೆಲ್ ಮಕ್ಕಳು ಕೈ ತೊಳೆಯುವ ಸ್ಟೀಲ್ ತೊಟ್ಟಿ ಅರ್ಧಕ್ಕೆ ನಿಂತಿತ್ತು. ಆರು ನಲ್ಲಿಗೆ ಆರು ತೂತು ಬೇಕು. ಮೊದಲ ತೂತಿಗೇ ಡ್ರಿಲ್ಲು ಜಾರಿ ಒಂದು ಹಾಳೆ ಕೆಟ್ಟಿತ್ತು. ಉಳಿದದ್ದು ಇನ್ನೊಂದೇ. ಅದೂ ಕೆಟ್ಟರೆ ರಾಮಚಂದ್ರಪ್ಪನ ಕೈ ಹೋಯಿತೆಂದು ಹರಿಹರವೆಲ್ಲ ಆಡಿಕೊಳ್ಳುತ್ತದೆ. ಆಮೇಲೆ ಅವನಿಗೆ ಕೆಲಸ ಕೊಡುವವರು ಯಾರು? ಆ ಹೆದರಿಕೆಯಲ್ಲಿ ಅವನಿಗೆ ಊಟವೂ ಸೇರುತ್ತಿರಲಿಲ್ಲ.

ಮಸ್ತಾನಸಾಬರು ತಂದ ಡಬ್ಬಿಯಲ್ಲಿದ್ದದ್ದು ಬಿಟ್ ಅಲ್ಲ. ಒಂದು ದಪ್ಪ ಬೋಲ್ಟು, ಅಂಚು ಹರಿತವಾದ ಒಂದು ಉಕ್ಕಿನ ಬಿಲ್ಲೆ, ಒಂದು ಬಟ್ಟಲು.

"ಇದು ಪಂಚ್ ಐತೆ ನೋಡ್ರಿ. ಮೊದ್ಲು ಬೋಲ್ಟ್ ಹೋಗೋವಷ್ಟು ಸಣ್ಣ ತೂತು. ಆಮ್ಯಾಲೆ ಹಾಳೆಗೆ ಆಕಡೆ ಬಟ್ಲ, ಈಕಡೆ ಬಿಲ್ಲೆ. ಪಾನಾ ಹಾಕಿ ಬೋಲ್ಟ್ ಬಿಗೀತಾ ಹೋದ್ರೆ ಬಿಲ್ಲೆನೇ ಹಾಳೆ ಕತ್ತರ್ಸ್ತೈತೆ. ಕೈ..." ಅವರು ಮಾತು ನುಂಗಿದರು.

"ಕೈ ನಡುಗೋರಿಗೆ ಅಂತ ಹೇಳ್ರಿ. ಯಾಕ ನುಂಗ್ತೀರಿ?" ರಾಮಚಂದ್ರಪ್ಪನಿಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಲೂ ತ್ರಾಣವಿರಲಿಲ್ಲ. "ಆ ಸಣ್ಣ ತೂತಾದ್ರೂ ಯಾರು ಹಾಕ್ಬೇಕು?"

ಸರೋಜಾ ಎದ್ದು ಸೆರಗು ಸಿಕ್ಕಿಸಿದಳು. "ಕೊಡ್ರಿ ಇಲ್ಲಿ. ಇಷ್ಟು ವರ್ಷ ನಿಮ್ಮ ಡ್ರಿಲ್ಲಿಗೆ ಹಾಳೆ ಹಿಡಿದೋರು ಯಾರು, ನಿಮ್ಮಪ್ಪನಾ?"

ಅವನು ಕೊಡಲಿಲ್ಲ. ಅವಳೇ ಡ್ರಿಲ್ಲು ತೆಗೆದುಕೊಂಡು ಅದೇ ನಾಲ್ಕನೇ ಬಿಟ್ ಹಾಕಿದಳು. ಸ್ಟೀಲ್ ತುಂಡಿನ ಮೇಲೆ ಗುರುತು ಮಾಡಿ, ಒಂದು ಹನಿ ಎಣ್ಣೆ ಬಿಟ್ಟು ಬಿಟ್ ಊರಿದಳು.

"ಜೋರು ಬ್ಯಾಡ," ಅವನ ಬಾಯಿಂದ ತಾನಾಗಿ ಬಂತು. "ಸ್ಟೀಲು ಕಾದ್ರೆ ಇನ್ನೂ ಗಟ್ಟಿ ಆಗ್ತೈತೆ. ನಿಧಾನ ತಿರುಗ್ಲಿ. ಒತ್ತಿ ಹಿಡಿ. ಹಾಂ, ಹಂಗೆ."

ಸ್ಟೀಲಿನ ಸುರುಳಿ ಎದ್ದಿತು. ತೂತು ಬಿತ್ತು. ರಾಮಚಂದ್ರಪ್ಪ ಬೋಲ್ಟು ಕೂರಿಸಿ ಪಾನಾ ತಿರುಗಿಸಿದ. ಕೈ ನಡುಗುತ್ತಲೇ ಇತ್ತು. ಬೋಲ್ಟಿಗೆ ಅದರ ಪರಿವೆ ಇರಲಿಲ್ಲ. ಟಕ್ಕೆಂದು ದುಂಡನೆಯ ಸ್ಟೀಲ್ ಚೂರು ಬಟ್ಟಲಿಗೆ ಬಿತ್ತು. ಅವನು ಹೊಸ ತೂತಿನ ಅಂಚನ್ನು ಬೆರಳಿನಿಂದ ಎರಡು ಸುತ್ತು ಸವರಿ ನೋಡಿದ.

"ಕಟ್ಟಿ ಕೊಡ್ರಿ," ಎಂದ.

ಹರಿಹರದ ಬಸ್ಸು ಗಿಜಿಗುಟ್ಟುತ್ತಿತ್ತು. ಇಬ್ಬರಿಗೂ ಸೀಟು ಸಿಕ್ಕಿದ ಮೇಲೆ ಅವನು ಚೀಲವನ್ನು ಕಾಲಸಂದಿಯಲ್ಲಿ ಇಟ್ಟುಕೊಂಡ. ಬಸ್ಸು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅದನ್ನು ಎತ್ತಿ ಅವಳ ತೊಡೆಯ ಮೇಲಿಟ್ಟು, ಕಿಟಕಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದ. ಅವಳು ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.